ಬಯೋಟೆಕ್, ಡಿಸೈನ್, ಹವಾಮಾನ: ಮೂರೂ ಬೇಕು ಅನ್ನುವವರು ಎಲ್ಲಿಂದ ಹೊರಡಬೇಕು?

ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡು, ಬಿಡುವಾದಾಗ ಚಿತ್ರ ಬಿಡಿಸುತ್ತಾ, ತೋಟದಲ್ಲಿ ಮಳೆಯ ಹದ ತಪ್ಪಿದ್ದನ್ನು ಕಣ್ಣಾರೆ ಕಂಡು ಬೆಳೆದ ಮಕ್ಕಳು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಈಗ ಕಮ್ಮಿ ಏನಿಲ್ಲ. ಬಯಾಲಜಿಯೂ ಇಷ್ಟ, ಡಿಸೈನೂ ಇಷ್ಟ, ಹವಾಮಾನ ಕೆಡುತ್ತಿರುವುದಕ್ಕೆ ಏನಾದರೂ ಮಾಡಬೇಕು ಅನ್ನೋ ತುಡಿತವೂ ಇದೆ. ಯಾವ ಕೋರ್ಸಿಗೆ ಸೇರಬೇಕು ಅಂತ ಕೇಳುತ್ತಾರೆ. ಮನೆಯಲ್ಲಿ 'ಯಾವುದಾದರೂ ಒಂದು ಹಿಡಿದುಕೋ' ಅನ್ನುತ್ತಾರೆ.

ಮೂರರಲ್ಲಿ ಎರಡನ್ನು ಬಿಡಬೇಕಾಗಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಸರಿ ಇರಬೇಕು. ನನ್ನ ಲೆಕ್ಕದಲ್ಲಿ ಹೆಚ್ಚಿನವರಿಗೆ ವಿಜ್ಞಾನ ಮೊದಲು, ಡಿಸೈನ್ ಆಮೇಲೆ. ಕೆಲವರಿಗೆ ಮಾತ್ರ ಇದು ಉಲ್ಟಾ. ಯಾಕೆ, ಯಾರಿಗೆ ಅಂತ ಇಲ್ಲಿ ಬರೆದಿದ್ದೇನೆ.

ಇಂಥ ಕೆಲಸ ಅಂದರೆ ಏನು?

ಅಡಿಕೆ ಹಾಳೆ ತಟ್ಟೆಯನ್ನೇ ತಗೊಳ್ಳಿ. ಕೊಪ್ಪ, ಶೃಂಗೇರಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಬಿದ್ದ ಹಾಳೆಯನ್ನು ಆಯ್ದು, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ ರೆಡಿ. ಮರ ಕಡಿಯುವುದಿಲ್ಲ, ಪ್ಲಾಸ್ಟಿಕ್ ಇಲ್ಲ, ಮಣ್ಣಿಗೆ ಹಾಕಿದರೆ ಕರಗುತ್ತದೆ. ನೋಡೋಕೂ ಚೆನ್ನ. ಹೊರದೇಶಕ್ಕೆ ಹೋಗುತ್ತಿತ್ತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಈ ತಟ್ಟೆಗಳು ಊಟಕ್ಕೆ ಸುರಕ್ಷಿತ ಅಲ್ಲ ಎಂದಿತು. ಅಡಿಕೆ ಗಿಡದಲ್ಲಿರುವ ಆಲ್ಕಲಾಯ್ಡ್ ಅನ್ನೋ ರಾಸಾಯನಿಕಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಅನ್ನೋದು ಅವರ ಕಾರಣ.

ಇಲ್ಲಿ ಆಕಾರ ಸರಿ ಇತ್ತು, ಪರಿಸರದ ಯೋಚನೆ ಸರಿ ಇತ್ತು. ಗಿಡದ ರಸಾಯನದ ಪ್ರಶ್ನೆಯನ್ನು ಮಾತ್ರ ಬೇರೆ ಯಾರೋ ಕೇಳುವವರೆಗೆ ಕಾಯಬೇಕಾಯಿತು. ಬಿಸಿ ಸಾರು ಬಿದ್ದಾಗ ಎಷ್ಟು ಆಲ್ಕಲಾಯ್ಡ್ ಇಳಿಯುತ್ತದೆ ಅಂತ ಅಳೆಯಬೇಕು. ಅದನ್ನು ತಡೆಯುವ ತೆಳು ಲೇಪನ ಸಾಧ್ಯವೇ ಅಂತ ನೋಡಬೇಕು. ಆ ಲೇಪನವೂ ಮಣ್ಣಲ್ಲಿ ಕರಗಬೇಕು, ಬೆಲೆಯೂ ಕೈಗೆಟುಕಬೇಕು, ಹಳ್ಳಿಯ ಸಣ್ಣ ಘಟಕದಲ್ಲಿ ಹೆಣ್ಣುಮಕ್ಕಳು ನಡೆಸುವ ಮೆಷಿನ್‌ನಲ್ಲೇ ಆಗಬೇಕು. ಈ ಎಲ್ಲ ಮಾತನ್ನೂ ಒಟ್ಟಿಗೆ ಯೋಚಿಸಬಲ್ಲ ಒಬ್ಬರು ಬೇಕು. ನೀವು ಆಗಬೇಕು ಅಂದುಕೊಂಡಿರುವುದು ಅವರೇ.

ಬಾಗಿಲುಗಳ ಲೆಕ್ಕ

ಆಯ್ಕೆ ಮಾಡುವಾಗ 'ಯಾವುದು ಜಾಸ್ತಿ ಇಷ್ಟ' ಅನ್ನೋದಕ್ಕಿಂತ ಮೊದಲು 'ಯಾವುದರಿಂದ ಯಾವುದಕ್ಕೆ ಹೋಗಬಹುದು' ಅಂತ ನೋಡಿ. ವಿಜ್ಞಾನ ಓದಿದವರಿಗೆ ಡಿಸೈನ್ ಬಾಗಿಲು ತೆರೆದೇ ಇರುತ್ತದೆ. ಮಾಸ್ಟರ್ ಆಫ್ ಡಿಸೈನ್, ಅಂದರೆ ಎಂ.ಡಿಸ್ ಸೇರಲು ಸೀಡ್ ಅನ್ನೋ ಪ್ರವೇಶ ಪರೀಕ್ಷೆ ಇದೆ. ಬಾಂಬೆ ಐಐಟಿ ನಡೆಸುತ್ತದೆ. ಪದವಿ ಯಾವ ವಿಷಯದಲ್ಲಿ ಆಗಿದ್ದರೂ ಬರೆಯಬಹುದು. ಬಯೋಟೆಕ್ ಓದಿದವರು, ಕೃಷಿ ಓದಿದವರು ಎಲ್ಲರೂ ಕೂರಬಹುದು.

ಆ ಕಡೆಯಿಂದ ಈ ಕಡೆಗೆ ಬರುವುದು ಕಷ್ಟ. ಡಿಸೈನ್ ಪದವಿ ಮುಗಿಸಿದವರಿಗೆ ಎಂ.ಎಸ್ಸಿ. ಬಯೋಟೆಕ್ನಾಲಜಿಗೆ ಸೀಟು ಸಿಗುವುದಿಲ್ಲ. ಅದಕ್ಕೆ ವಿಜ್ಞಾನದ ಪದವಿಯೇ ಬೇಕು. ಲ್ಯಾಬ್ ಕೈಚಳಕವೂ ಹಾಗೇ. ಸೋಂಕು ತಗಲದಂತೆ ಸೂಕ್ಷ್ಮಜೀವಿ ಬೆಳೆಸುವುದು, ಪೈಪೆಟ್ ಹಿಡಿಯುವುದು, ಬಂದ ಅಂಕಿಯನ್ನು ಅನುಮಾನಿಸುವುದು, ಇವೆಲ್ಲ ವರ್ಷಗಟ್ಟಲೆ ಬೆಂಚಿನ ಮುಂದೆ ನಿಂತರೇ ಬರುವಂಥವು. ಚಿತ್ರ ಬಿಡಿಸುವುದನ್ನು, ಮಾದರಿ ಮಾಡುವುದನ್ನು, ಬಳಸುವವರ ಜೊತೆ ಕೂತು ಕೇಳುವುದನ್ನು ಮನೆಯಲ್ಲೂ ರೂಢಿ ಮಾಡಿಕೊಳ್ಳಬಹುದು. ಬಿಸಿ ಆವಿಯಿಂದ ಉಪಕರಣದ ಸೋಂಕು ಕಳೆಯುವ ಆಟೋಕ್ಲೇವ್ ಮನೆಯಲ್ಲಿ ಇರುವುದಿಲ್ಲ ಅಲ್ವಾ?

ಹಾಗಾಗಿ ಇನ್ನೂ ಹತ್ತನೇ ತರಗತಿಯಲ್ಲಿರುವವರಿಗೆ ಒಂದೇ ಮಾತು: ಪಿಸಿಎಂಬಿ ತಗೊಳ್ಳಿ. ಸಿಇಟಿಯಲ್ಲಿ ಎಂಜಿನಿಯರಿಂಗ್‌ಗೆ ಗಣಿತ, ಭೌತಶಾಸ್ತ್ರ ಬೇಕು. ಕೃಷಿ, ತೋಟಗಾರಿಕೆಗೆ ಬಯಾಲಜಿ ಬೇಕು. ಪಿಸಿಎಂಬಿಯಲ್ಲಿ ಎರಡೂ ಉಳಿಯುತ್ತವೆ. ಡಿಸೈನ್ ಪ್ರವೇಶ ಪರೀಕ್ಷೆಗಳನ್ನು ಯಾವ ವಿಭಾಗದವರೂ ಬರೆಯಬಹುದು.

ಎಂಜಿನಿಯರಿಂಗ್ ಬಯೋಟೆಕ್ಕೋ, ಕೃಷಿ ಕಡೆಯ ಬಯೋಟೆಕ್ಕೋ?

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಹೋಲಿಕೆ ಇದು. ಹೆಸರು ಒಂದೇ, ಒಳಗಿನ ಓದು ಬೇರೆ.

ಎಂಜಿನಿಯರಿಂಗ್ ಕಾಲೇಜಿನ ಬಿ.ಇ. ಬಯೋಟೆಕ್ನಾಲಜಿಯಲ್ಲಿ ಬಯೋರಿಯಾಕ್ಟರ್ (ಸೂಕ್ಷ್ಮಜೀವಿ ಬೆಳೆಸುವ ಟ್ಯಾಂಕ್), ಶಾಖದ ಹರಿವು, ಎನ್‌ಜೈಮ್ ವೇಗ, ಬಯೋಇನ್ಫರ್ಮ್ಯಾಟಿಕ್ಸ್ ಇರುತ್ತದೆ. ಲ್ಯಾಬಿನ ಫ್ಲಾಸ್ಕ್‌ನಲ್ಲಿ ಆದದ್ದನ್ನು ಸಾವಿರ ಲೀಟರ್ ಟ್ಯಾಂಕಿನಲ್ಲಿ ಮಾಡುವುದು ಹೇಗೆ ಅನ್ನೋದು ಇದರ ಜೀವಾಳ. ಬೆಂಗಳೂರಿನ ಆರ್.ವಿ., ರಾಮಯ್ಯ, ಬಿಎಂಎಸ್, ತುಮಕೂರಿನ ಸಿದ್ಧಗಂಗಾ ಇಂಥ ಕಡೆ ಈ ವಿಭಾಗ ಇದೆ. ಬೆಂಗಳೂರಿನಲ್ಲಿ ಓದಿದರೆ ಸ್ಟಾರ್ಟಪ್‌ಗಳ ಒಡನಾಟ ಸುಲಭ. ಸಮುದ್ರದ ಪಾಚಿಯಿಂದ ಗೊಬ್ಬರ, ವಸ್ತು ಮಾಡುವ ಸೀ6 ಎನರ್ಜಿ, ಮೀಥೇನ್ ತಿನ್ನುವ ಬ್ಯಾಕ್ಟೀರಿಯಾದಿಂದ ಪ್ರೊಟೀನ್ ಮಾಡುವ ಸ್ಟ್ರಿಂಗ್ ಬಯೋ, ಎರಡೂ ಬೆಂಗಳೂರಿನವೇ. ಇಂಟರ್ನ್‌ಶಿಪ್ ಕೇಳಿಕೊಂಡು ಹೋಗೋಕೆ ದೂರ ಆಗುವುದಿಲ್ಲ.

ತೊಂದರೆ ಏನೆಂದರೆ, ನಾಲ್ಕು ವರ್ಷದಲ್ಲಿ ಒಂದು ಗಿಡವನ್ನೂ ಮುಟ್ಟದೆ ಪಾಸಾಗಬಹುದು. ಕೊನೆಯ ವರ್ಷ ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್‌ಗೆ ಬಂದಾಗ ಆ ಕಡೆ ಹೋಗುವವರು ತುಂಬಾ ಜನ. ಮನೆಯ ಸಾಲ ಇದ್ದರೆ ಅದನ್ನು ತಪ್ಪು ಅನ್ನೋಕೂ ಆಗಲ್ಲ.

ಈ ಕಡೆ ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲಿ ಬಿ.ಟೆಕ್. ಬಯೋಟೆಕ್ನಾಲಜಿ ಇದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾದಲ್ಲಿ ಸೀಟು ಉಂಟು. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಕೊಡಬೇಕು, ಬೀಜ, ಗಿಡ, ಉಪಕರಣ ಗುರುತಿಸಬೇಕು. ಹೊಲದಲ್ಲಿ ಬೆಳೆದವರಿಗೆ ಅದು ಭಯ ಪಡುವಂಥದ್ದಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ.

ಕೃಷಿ ಕಡೆಯ ಓದಿನ ದೊಡ್ಡ ಲಾಭ ಅಂದರೆ ಹವಾಮಾನದ ಪ್ರಶ್ನೆ ಪುಸ್ತಕದಲ್ಲಿ ಇರುವುದಿಲ್ಲ, ಎದುರಿಗೇ ಇರುತ್ತದೆ. ಹಾಸನದ ಆಲೂಗಡ್ಡೆಯ ಕಥೆ ನೋಡಿ. ನಮ್ಮ ರೈತರು ವರ್ಷ ವರ್ಷ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುವ ಬಿತ್ತನೆ ಗಡ್ಡೆ ನಂಬಿಕೊಂಡು ಬಂದವರು. ಮುಂಗಾರಿನಲ್ಲಿ ಮೋಡ ಕವಿದು ಜಡಿ ಮಳೆ ಹಿಡಿದರೆ ಅಂಗಮಾರಿ ಬರುತ್ತದೆ. ಕೆಲವೇ ದಿನದಲ್ಲಿ ಹೊಲ ಸುಟ್ಟ ಹಾಗೆ ಕಾಣುತ್ತದೆ. ಎಷ್ಟೋ ಮನೆಯವರು ಆಲೂ ಬಿಟ್ಟು ಶುಂಠಿ, ಜೋಳಕ್ಕೆ ಹೋದರು.

ಇದಕ್ಕೆ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಬೇರೆ ದಾರಿ ಹಿಡಿದರು. ಲ್ಯಾಬಿನಲ್ಲಿ ಟಿಷ್ಯೂ ಕಲ್ಚರ್ ಮಾಡಿದ, ಅಂದರೆ ಗಿಡದ ಸಣ್ಣ ತುಣುಕಿನಿಂದ ಬೆಳೆಸಿದ, ರೋಗವಿಲ್ಲದ ತಾಯಿ ಗಿಡ ತರುವುದು. ಅದನ್ನು ಪಾಲಿಹೌಸ್‌ನಲ್ಲಿ ಬೆಳೆಸಿ, ಕುಡಿ ಚಿವುಟಿ, ಪ್ರೋ ಟ್ರೇಯ ಕೋಕೋಪಿಟ್‌ನಲ್ಲಿ ಊರಿ ಬೇರು ಬರಿಸುವುದು. ಆ ಸಸಿ ನೆಟ್ಟು ಬಿತ್ತನೆ ಗಡ್ಡೆಯನ್ನು ಇಲ್ಲೇ ಬೆಳೆಯುವುದು. ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ ಇದರಲ್ಲಿ ಕೈಜೋಡಿಸಿದೆ. ಈಗ ಇದನ್ನು ಡಿಸೈನ್ ಕಣ್ಣಿನಿಂದ ನೋಡಿ. ಗಡ್ಡೆಯಾದರೆ ಮೂಟೆ ಕಟ್ಟಿ ಎಸೆಯಬಹುದು, ಸಸಿಯನ್ನು ಹಾಗೆ ಸಾಗಿಸೋಕೆ ಆಗಲ್ಲ. ಗಡ್ಡೆ ಬಿತ್ತಿ ಅಭ್ಯಾಸ ಇರುವವರು ಈಗ ಮೆಣಸಿನ ಸಸಿಯಂತೆ ನಾಟಿ ಮಾಡಬೇಕು. ಟ್ರೇ ಎಷ್ಟು ಎತ್ತರ ಇರಬೇಕು, ಬೈಕಿನ ಹಿಂದೆ ಎಷ್ಟು ಟ್ರೇ ಕೂರುತ್ತದೆ, ಎಷ್ಟು ಹೊತ್ತು ನೀರಿಲ್ಲದೆ ತಡೆಯುತ್ತದೆ, ಇವೆಲ್ಲ ಡಿಸೈನ್ ಪ್ರಶ್ನೆಗಳು. ಬಯೋಟೆಕ್ ಗೆದ್ದು ಟ್ರೇ ಸೋತರೆ ರೈತ ಮತ್ತೆ ಜಲಂಧರ್ ಲಾರಿಗೇ ಕಾಯುತ್ತಾನೆ.

ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಸಕಲೇಶಪುರದ ದೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ ಇದೆ. ಹಾಸನದ ಮಡೆನೂರಿನಲ್ಲಿ ಹೊಂಗೆ, ಬೇವು, ಸಿಮರೂಬದಂಥ ಮರಗಳ ಎಣ್ಣೆಯಿಂದ ಇಂಧನ ಮಾಡುವ ಜೈವಿಕ ಇಂಧನ ಪಾರ್ಕ್ ಇದೆ. ಇಷ್ಟೆಲ್ಲ ಎರಡು ಜಿಲ್ಲೆಯೊಳಗೆ ಇರುವಾಗ ಕೃಷಿ ಕಡೆ ಓದುವವರಿಗೆ ಪ್ರಾಜೆಕ್ಟ್ ಹುಡುಕಲು ದೂರ ಹೋಗಬೇಕಾಗಿಲ್ಲ.

ಹಾಗಾದರೆ ಯಾವುದು? ಹೊಸ ವಸ್ತು, ಎನ್‌ಜೈಮ್, ಟ್ಯಾಂಕ್, ಮೆಷಿನ್ ನಿಮ್ಮನ್ನು ಎಳೆಯುತ್ತದೆ ಅಂದರೆ ಬಿ.ಇ. ತಗೊಳ್ಳಿ. ಬೆಳೆ, ಮಣ್ಣು, ರೋಗ, ನೀರು ಎಳೆಯುತ್ತದೆ ಅಂದರೆ ಕಾರೇಕೆರೆ, ಮೂಡಿಗೆರೆ. ಎರಡೂ ಸಮ ಅನ್ನಿಸಿದರೆ ನಾನು ಕೃಷಿ ಕಡೆಗೇ ವಾಲುತ್ತೇನೆ. ಬಯೋರಿಯಾಕ್ಟರ್ ಬಗ್ಗೆ ಆಮೇಲೆ ಎಂ.ಟೆಕ್.ನಲ್ಲಿ ಕಲಿಯಬಹುದು. ನಾಲ್ಕು ವರ್ಷ ರೈತರ ನಡುವೆ ಓಡಾಡುವ ಅವಕಾಶ ಆಮೇಲೆ ಸುಲಭಕ್ಕೆ ಸಿಗುವುದಿಲ್ಲ.

ಬಿ.ಎಸ್ಸಿ. ಮಾಡಿದರೆ?

ಊರಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆಮೇಲೆ ಗ್ಯಾಟ್-ಬಿ ಪರೀಕ್ಷೆ ಬರೆದು, ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ನೆರವು ಕೊಡುವ ಎಂ.ಎಸ್ಸಿ. ಸೀಟು ಹಿಡಿದರೆ ಪ್ರತಿ ತಿಂಗಳು ಸ್ಟೈಪೆಂಡ್ ಸಹ ಬರುತ್ತದೆ. ಒಂದು ಎಚ್ಚರಿಕೆ. ಸೀಡ್ ಬರೆಯಲು ಮೂರು ವರ್ಷದ ಪದವಿ ಸಾಕು, ಆದರೆ ಎಂ.ಡಿಸ್ ಕೊಡುವ ಸಂಸ್ಥೆಗಳ ಷರತ್ತು ಬೇರೆ ಬೇರೆ. ಕೆಲವು ನಾಲ್ಕು ವರ್ಷದ ಪದವಿಯನ್ನೋ ಸ್ನಾತಕೋತ್ತರ ಪದವಿಯನ್ನೋ ಕೇಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿಸ್‌ಗೆ ಬಿ.ಇ., ಬಿ.ಟೆಕ್., ಬಿ.ಡಿಸ್ (ಬ್ಯಾಚುಲರ್ ಆಫ್ ಡಿಸೈನ್) ಥರದ ಪದವಿ ಬೇಕು. ಡಿಸೈನ್ ಮುಂದೆ ಖಂಡಿತ ಬೇಕು ಅನ್ನುವವರು ನಾಲ್ಕು ವರ್ಷದ ಕೋರ್ಸನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಡಿಸೈನ್ ಮೊದಲು ಯಾರಿಗೆ?

ಬಯಾಲಜಿ ಓದೋಕೆ ಇಷ್ಟ ಇದ್ದರೂ ಕೈ ಸದಾ ಏನಾದರೂ ಮಾಡುತ್ತಲೇ ಇರುವ ಮಕ್ಕಳು ಇರುತ್ತಾರೆ. ಮುರಿದ ಸ್ಪ್ರೇಯರ್ ಬಿಚ್ಚುತ್ತಾರೆ, ಕಾಫಿ ಕೊಯ್ಯುವವರ ಬುಟ್ಟಿಯ ಹಗ್ಗ ಭುಜ ಕೊಯ್ಯುತ್ತದೆ ಅಂತ ಅದಕ್ಕೊಂದು ಪಟ್ಟಿ ಹೊಲಿಯುತ್ತಾರೆ. ಇಂಥವರನ್ನು ಎಂಟು ಸೆಮಿಸ್ಟರ್ ಪಠ್ಯ ಬಾಯಿಪಾಠ ಮಾಡಿಸುವುದು ಅನ್ಯಾಯ. ಇವರು ಬಿ.ಡಿಸ್‌ಗೆ ಹೋಗಲಿ. ಲ್ಯಾಬ್ ಬಲ್ಲ ಜೊತೆಗಾರರನ್ನು ಆಮೇಲೆ ಹುಡುಕಿಕೊಳ್ಳಬಹುದು. ಬೆಂಗಳೂರಿನ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು ಐಜೆಮ್ ಅನ್ನೋ ಸಿಂಥೆಟಿಕ್ ಬಯಾಲಜಿ (ಜೀವಿಗಳ ಜೀನ್ ಮಾರ್ಪಡಿಸಿ ಹೊಸ ಕೆಲಸ ಮಾಡಿಸುವ ವಿದ್ಯೆ) ಸ್ಪರ್ಧೆಗೆ ಹೋಗಿದ್ದುಂಟು. ಕಲೆ ಓದುವವರು ಬ್ಯಾಕ್ಟೀರಿಯಾ ಜೊತೆ ಕೆಲಸ ಮಾಡುವುದು ನಮ್ಮ ರಾಜ್ಯದಲ್ಲೇ ನಡೆದಿದೆ.

ಆದರೆ ಎರಡು ವಿಷಯ ಗೊತ್ತಿರಲಿ. ಮೊದಲನೆಯದು ದುಡ್ಡು. ಖಾಸಗಿ ಡಿಸೈನ್ ಕಾಲೇಜುಗಳಲ್ಲಿ ವರ್ಷಕ್ಕೆ ಹಲವು ಲಕ್ಷ ಆಗುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲೂ ಲೆಕ್ಕ ಲಕ್ಷದಲ್ಲೇ. ಸ್ಕಾಲರ್‌ಶಿಪ್, ಬ್ಯಾಂಕ್ ಸಾಲದ ಮಾತು ಮೊದಲೇ ಆಗಿರಬೇಕು.

ಎರಡನೆಯದು ದಿನಾಂಕ. ನಮ್ಮ ಕಡೆ ಎಲ್ಲರ ಕಣ್ಣೂ ಏಪ್ರಿಲ್‌ನ ಸಿಇಟಿ ಮೇಲೆ. ಬಿ.ಡಿಸ್‌ನ ಪ್ರವೇಶ ಪರೀಕ್ಷೆ ಯುಸೀಡ್ ನಡೆಯುವುದು ಜನವರಿಯಲ್ಲಿ. ಎನ್‌ಐಡಿಯ ಮೊದಲ ಸುತ್ತು ಡಿಸೆಂಬರ್-ಜನವರಿ ಹೊತ್ತಿಗೆ. ಅರ್ಜಿ ಹಾಕುವ ಸಮಯ ಅಕ್ಟೋಬರ್, ನವೆಂಬರ್. ದ್ವಿತೀಯ ಪಿಯುಸಿ ರಿಸಲ್ಟ್ ಬಂದಮೇಲೆ 'ಡಿಸೈನ್ ಮಾಡೋಣ' ಅಂದರೆ ಒಳ್ಳೆಯ ಸರ್ಕಾರಿ ಸೀಟುಗಳ ಪರೀಕ್ಷೆ ಆಗಲೇ ಮುಗಿದಿರುತ್ತದೆ. ಉಳಿಯುವುದು ದುಬಾರಿ ಖಾಸಗಿ ಸೀಟುಗಳು. ಯುಸೀಡ್ ಬರೆಯಲು ಸಿಗುವುದು ಎರಡೇ ಅವಕಾಶ, ಅದೂ ಸಾಲಾಗಿ ಎರಡು ವರ್ಷ.

ಹೊಟ್ಟಿನ ಡಬ್ಬಿ: ಮನೆಯಲ್ಲೇ ಒಂದು ಪರೀಕ್ಷೆ

ನೀವು ಯಾವ ಕಡೆಯವರು ಅಂತ ತಿಳಿಯಲು ಕೌನ್ಸೆಲರ್‌ಗಿಂತ ಇದು ಚೆನ್ನಾಗಿ ಹೇಳುತ್ತದೆ. ಕಾಫಿ ಮಿಲ್ಲಿನಿಂದ ಒಂದು ಚೀಲ ಹೊಟ್ಟು ತನ್ನಿ. ಅದರ ಅರ್ಧದಷ್ಟು ಭತ್ತದ ಹುಲ್ಲು ಕತ್ತರಿಸಿ ಸೇರಿಸಿ. ನೀರಲ್ಲಿ ನೆನೆಸಿ, ಬಿಸಿ ನೀರಲ್ಲಿ ಒಂದೆರಡು ಗಂಟೆ ಇಟ್ಟು, ಬಸಿದು, ಪೂರ್ತಿ ತಣ್ಣಗಾಗಲು ಬಿಡಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಚಿಪ್ಪಣಬೆಯ ಬೀಜ ಬೆರೆಸಿ, ಸ್ಪಿರಿಟ್‌ನಿಂದ ಒರೆಸಿದ ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ತುಂಬಿ. ಮುಚ್ಚಳದಲ್ಲಿ ಸಣ್ಣ ತೂತು ಮಾಡಿ, ಹತ್ತಿ ಇಟ್ಟು, ಕತ್ತಲಲ್ಲಿಡಿ. ಅಣಬೆ ಬೀಜ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ.

ಎರಡು ಮೂರು ವಾರದಲ್ಲಿ ಬಿಳಿ ಎಳೆಗಳು ಹೊಟ್ಟನ್ನೆಲ್ಲ ಹೆಣೆದುಕೊಳ್ಳುತ್ತವೆ. ಡಬ್ಬಿ ಬೋರಲು ಹಾಕಿದರೆ ಅದೇ ಆಕಾರದ ಗಟ್ಟಿ ತುಂಡು ಸಿಗುತ್ತದೆ. ಒಣಗಿಸಿ ಓವನ್‌ನಲ್ಲಿ ಬಿಸಿ ಮಾಡಿದರೆ ಬೆಳವಣಿಗೆ ನಿಲ್ಲುತ್ತದೆ. ಥರ್ಮಾಕೋಲ್ ಬದಲು ಪ್ಯಾಕಿಂಗ್‌ಗೆ ಬಳಸುವ ಮೈಸೀಲಿಯಂ (ಅಣಬೆಯ ಎಳೆ) ವಸ್ತುವಿನ ಮೂಲ ರೂಪ ಇದೇ. ಅಮೆರಿಕದ ಎಕೋವೇಟಿವ್ ಕಂಪನಿ 2007ರಿಂದ ಇದನ್ನೇ ಮಾಡುತ್ತಾ ಬಂದಿದೆ.

ಮಳೆಗಾಲದಲ್ಲಿ ಮಾಡಿದರೆ ಮೂಲೆಯಲ್ಲಿ ಹಸಿರು ಬೂಸ್ಟು ಬರುವ ಸಾಧ್ಯತೆ ಜಾಸ್ತಿ. ಆಗ ನಿಮ್ಮ ಮನಸ್ಸು ಎಲ್ಲಿಗೆ ಓಡುತ್ತದೆ ಗಮನಿಸಿ. ಬೂಸ್ಟು ಎಲ್ಲಿಂದ ಬಂತು, ಬಿಸಿ ಸಾಲಲಿಲ್ಲವೋ, ನೀರು ಜಾಸ್ತಿಯಾಯಿತೋ ಅಂತ ಮೂರು ಡಬ್ಬಿ ಬೇರೆ ಬೇರೆ ಥರ ಮಾಡಿ ನೋಡೋಣ ಅನ್ನಿಸಿದರೆ ಲ್ಯಾಬ್ ನಿಮ್ಮದು. ತುಂಡು ಕೈಗೆ ಬಂದ ತಕ್ಷಣ ಇದರಲ್ಲಿ ಜೇನಿನ ಬಾಟಲಿ ಹೇಗೆ ಕೂರುತ್ತದೆ, ಅಂಚು ಯಾಕೆ ಪುಡಿಯಾಗುತ್ತದೆ, ಅಚ್ಚು ಬದಲಿಸಬೇಕು ಅನ್ನಿಸಿದರೆ ಡಿಸೈನ್. ಇದನ್ನು ತೋಟದಲ್ಲೇ ಮಾಡಿದರೆ ಎಷ್ಟು ಹೊಟ್ಟು ಸುಡುವುದು ತಪ್ಪುತ್ತದೆ, ಸೌದೆ ಎಷ್ಟು ಬೇಕು ಅಂತ ಲೆಕ್ಕ ಹಾಕಲು ಕೂತರೆ ನಿಮಗೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಒಗ್ಗುತ್ತದೆ. ಒಂದು ವಸ್ತು ಹುಟ್ಟಿದಲ್ಲಿಂದ ಕಸವಾಗುವವರೆಗೆ ಎಷ್ಟು ಇಂಧನ, ನೀರು, ಕಾರ್ಬನ್ ತಗಲುತ್ತದೆ ಅಂತ ಅಳೆಯುವ ವಿದ್ಯೆ ಅದು. ಓಪನ್ಎಲ್‌ಸಿಎ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಕಲಿಯಬಹುದು. ಯಾವ ಡಿಗ್ರಿಯ ಜೊತೆಗೂ ಹೊಂದುತ್ತದೆ.

ಫೋಟೋ, ತಾರೀಖು, ಕೆಟ್ಟ ಡಬ್ಬಿಯ ಟಿಪ್ಪಣಿ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಇಟ್ಟುಕೊಳ್ಳಿ. ಡಿಸೈನ್ ಸಂದರ್ಶನಕ್ಕೆ ಅದೇ ಪೋರ್ಟ್‌ಫೋಲಿಯೋ ಆಗುತ್ತದೆ.

ಕೆಲಸ, ಸಂಬಳ

ಇದನ್ನು ಮುಚ್ಚಿಡಬಾರದು. 'ಬಯೋಡಿಸೈನರ್ ಬೇಕಾಗಿದ್ದಾರೆ' ಅನ್ನೋ ಜಾಹೀರಾತು ನಮ್ಮಲ್ಲಿ ಅಪರೂಪ. ಮೊದಲ ಕೆಲಸ ಸಿಗುವುದು ಮೂರರಲ್ಲಿ ಒಂದರ ಹೆಸರಲ್ಲೇ: ಲ್ಯಾಬ್ ಸಂಶೋಧಕ, ಪ್ರಾಡಕ್ಟ್ ಡಿಸೈನರ್, ಇಲ್ಲ ಕಂಪನಿಯ ಸಸ್ಟೇನಬಿಲಿಟಿ ವಿಭಾಗದವರು. ಇನ್ನೆರಡನ್ನು ಆ ಕುರ್ಚಿಯಲ್ಲಿ ಕೂತು ಸೇರಿಸಿಕೊಳ್ಳುತ್ತಾ ಹೋಗಬೇಕು. ಅದಕ್ಕೇ ಒಂದರಲ್ಲಾದರೂ ಗಟ್ಟಿ ಇರಿ ಅಂತ ಹೇಳುವುದು. ಸಂಶೋಧನೆಗೆ ಹೋಗುವವರು ನೆಟ್ ಅನ್ನೋ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಫೆಲೋಶಿಪ್‌ಗೆ ಆಯ್ಕೆಯಾದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ.

ಹೊಸ ವಸ್ತುಗಳ ವ್ಯಾಪಾರ ಕಷ್ಟದ್ದು ಅನ್ನೋದೂ ಗೊತ್ತಿರಲಿ. ಅಮೆರಿಕದ ಬೋಲ್ಟ್ ಥ್ರೆಡ್ಸ್ ಕಂಪನಿ ಮೈಸೀಲಿಯಂನಿಂದ ಮೈಲೋ ಅನ್ನೋ ಚರ್ಮದಂಥ ವಸ್ತು ಮಾಡಿತ್ತು. ಅಡಿಡಾಸ್‌ನಂಥವರು ಜೊತೆಗಿದ್ದರು. ದೊಡ್ಡ ಪ್ರಮಾಣಕ್ಕೆ ಬೇಕಾದ ಬಂಡವಾಳ ಹೊಂದಲಿಲ್ಲ, 2023ರಲ್ಲಿ ಉತ್ಪಾದನೆ ನಿಲ್ಲಿಸಿದರು.

ಇತ್ತ ನಮ್ಮಲ್ಲಿ ಗಾಳಿ ಅನುಕೂಲಕ್ಕೇ ಬೀಸುತ್ತಿದೆ. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಬಯೋಟೆಕ್ ಉತ್ಪಾದನೆ ಬೆಳೆಸುವ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟಿತು. ಜೈವಿಕ ಪಾಲಿಮರ್, ಹವಾಮಾನ ತಾಳುವ ಕೃಷಿ, ಕಾರ್ಬನ್ ಹಿಡಿದು ಬಳಸುವುದು, ಎಲ್ಲ ಅದರ ಪಟ್ಟಿಯಲ್ಲಿವೆ. ಸ್ವಂತ ಐಡಿಯಾ ಇದ್ದವರಿಗೆ ಬಯೋಟೆಕ್ ಉದ್ಯಮಕ್ಕೆ ನೆರವಾಗುವ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆ 18 ತಿಂಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅನ್ನೋ ಬಯೋಟೆಕ್ ಕೇಂದ್ರದ ಮೂಲಕ ಅರ್ಜಿ ಹಾಕಬಹುದು. ಅಲ್ಲಿ ಕೇಳುವ ಮೊದಲ ಪ್ರಶ್ನೆ ನಿಮ್ಮ ಸಮಸ್ಯೆ ನಿಜವಾದದ್ದೇ ಅಂತ. ನವೆಂಬರ್‌ನಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ಗುಂಡಿಯಲ್ಲಿ ಹುಳಿ ವಾಸನೆಯ ನೀರು ನಿಂತಿರುವುದನ್ನು, ಅದಕ್ಕೆ ಸುಣ್ಣ ಸುರಿಯುವುದನ್ನು ಕಂಡು ಬೆಳೆದವರಿಗೆ ಉತ್ತರ ಹುಡುಕಬೇಕಿಲ್ಲ. ಆ ನೀರು ಹಳ್ಳಕ್ಕೆ ಇಳಿದರೆ ಆಕ್ಸಿಜನ್ ತಿನ್ನುತ್ತದೆ, ಗುಂಡಿಯಲ್ಲಿ ಕೊಳೆತರೆ ಮೀಥೇನ್ ಬಿಡುತ್ತದೆ. ಅದನ್ನೇ ಮುಚ್ಚಿದ ಟ್ಯಾಂಕಿನಲ್ಲಿ ಕೊಳೆಸಿದರೆ ಒಲೆಗೆ ಗ್ಯಾಸ್. ಐದೆಕರೆ ತೋಟದವರಿಗೆ ಹೊಂದುವ, ಮೂರೇ ತಿಂಗಳು ಕೆಲಸ ಇರುವ, ತೋಟದ ಮೇಲ್ವಿಚಾರಕ ರೈಟರ್ ಒಬ್ಬರೇ ನೋಡಿಕೊಳ್ಳಬಹುದಾದ ಟ್ಯಾಂಕನ್ನು ಯಾರಾದರೂ ಮಾಡಿಕೊಟ್ಟರೆ ಮಲೆನಾಡಿನ ಎಷ್ಟೋ ತೋಟಗಳು ಕಾದಿವೆ.

ಈ ವರ್ಷ ದ್ವಿತೀಯ ಪಿಯುಸಿಯಲ್ಲಿ ಇರುವವರು ದಸರಾ ರಜೆಯಲ್ಲಿ ಡಬ್ಬಿ ತುಂಬಿ ನೋಡಿ. ಡಿಸೈನ್ ಕಡೆ ಸ್ವಲ್ಪವಾದರೂ ಒಲವು ಕಂಡರೆ ಯುಸೀಡ್, ಎನ್‌ಐಡಿ ಎರಡಕ್ಕೂ ಅರ್ಜಿ ಹಾಕಿಡಿ. ಸಿಇಟಿಗೆ ಓದುವುದನ್ನು ಅದಕ್ಕಾಗಿ ಬಿಡಬೇಡಿ. ಕೃಷಿಕರ ಕೋಟಾಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಓಡಾಡಿ. ಆಪ್ಷನ್ ಎಂಟ್ರಿ ಮಾಡುವಾಗ ಕಾರೇಕೆರೆಯ ಹೆಸರನ್ನು ಊರಿನ ಕಾಲೇಜು ಅಂತ ಕೆಳಗೆ ತಳ್ಳದೆ, ಮೊದಲ ಕೆಲವು ಸಾಲುಗಳಲ್ಲೇ ಹಾಕಿ.